ಕುಂಬ್ಡಾಜೆ ಬಸ್ಸು ಹತ್ತಿದ ರಝಿಯಾ ಟೀಚರ್

ರಝಿಯಾ ಟೀಚರನ್ನು ಈ ಬರಹಗಾರ ಒಂದು ಮಳೆಗಾಲವಿಡೀ ಇನ್ಶೂರೆನ್ಸ್ ಏಜೆಂಟ್ ಎಂದೇ ತಿಳಿದಿದ್ದ. ತಪ್ಪು ಅವನದೊಂದೇ ಅಲ್ಲ. ಕಾಲೇಜಿನೆದುರಿನ ಬಸ್ ಸ್ಟಾಪಿನಲ್ಲಿ, ಕಂಕುಳಲ್ಲಿ ಫೈಲು ಇರುಕಿಕೊಂಡು ಆಕೆ ಕಾಣಿಸಿಕೊಂಡರೆ ಸಾಕು, ಹುಡುಗರು ಅಂಗಡಿಯ ಬಾಳೆಗೊನೆಯ ಮರೆಗೆ ಸರಿಯುತ್ತಿದ್ದರು. ಹುಡುಗಿಯರು ಫೋನು ಕಿವಿಗಿಟ್ಟು, ಆ ಕಡೆ ಯಾರೂ ಇಲ್ಲದಿದ್ದರೂ 'ಹಲೋ, ಹಲೋ' ಎನ್ನುತ್ತಿದ್ದರು. ನಮ್ಮ ಗಡಿನಾಡಿನ ಕಡೆ ಇಂಥ ಮರ್ಯಾದೆ ಸಿಗುವುದು ಪಾಲಿಸಿ ಮಾರುವವರಿಗೆ ಮಾತ್ರ.

ಆಕೆ ಮಾರುತ್ತಿರಲಿಲ್ಲ, ಪುಕ್ಕಟೆ ಕೊಡುತ್ತಿದ್ದರು. ಮೊಗ್ರಾಲಿನ ರಝಿಯಾ ಆ ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಕಲಿಸುವ ಗೆಸ್ಟ್ ಲೆಕ್ಚರರ್. ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೆ ಸಂಜೆ ಹೊತ್ತು ಬೆಂಬಲ ತರಗತಿ ನಡೆಸುವ ಹೊಣೆ ೨೦೧೪ರಲ್ಲಿ ಆಕೆಯ ಹೆಗಲಿಗೆ ಬಂತು. ಫೀಸಿಲ್ಲ, ಮೇಲಿಂದ ಚಹಾ ಮತ್ತು ಹಿಟ್ಟಿನಲ್ಲಿ ಅದ್ದಿ ಕರಿದ ಬಾಳೆಹಣ್ಣಿನ ಪೋಡಿ. ಆದರೂ ನಾಲ್ಕು ಗಂಟೆಗೆ ಕ್ಲಾಸಿನಲ್ಲಿ ಉಳಿಯುತ್ತಿದ್ದದ್ದು ಟೀಚರ್, ಚಹಾ ಮತ್ತು ಪೋಡಿ.

ಇದರಲ್ಲಿ ಪ್ರಿನ್ಸಿಪಾಲ್ ವೆಂಕಟಕೃಷ್ಣರ ಕೊಡುಗೆಯೂ ಇತ್ತು. 'ದುರ್ಬಲ ವಿದ್ಯಾರ್ಥಿಗಳ ಸಬಲೀಕರಣ' ಎಂಬ ತಲೆಬರಹದ ಕೆಳಗೆ ಒಬ್ಬೊಬ್ಬರ ಹೆಸರನ್ನೂ ದಪ್ಪ ಅಕ್ಷರದಲ್ಲಿ ನೋಟಿಸ್ ಬೋರ್ಡಿಗೆ ಹಚ್ಚಿಸಿದ್ದರು. ಯಾರೂ ಬಾರದಾಗ, ಉದ್ಘಾಟನೆ ಆಗದ್ದೇ ಕೊರತೆಯೆಂದು ದೀಪ ಬೆಳಗಿಸಿ, ಖಾಲಿ ಬೆಂಚುಗಳನ್ನು ಉದ್ದೇಶಿಸಿ ಮುಕ್ಕಾಲು ಗಂಟೆ ಮಾತಾಡಿದರು. ಬೆಂಚುಗಳು ಶಿಸ್ತಿನಿಂದ ಕೇಳಿದವು.

ರಝಿಯಾರಿಗೆ ಎಲ್ಲರಿಗಿಂತ ಹೆಚ್ಚಾಗಿ ಸಿಗಬೇಕಾಗಿದ್ದವಳು ಕುಂಬ್ಡಾಜೆಯ ರಶ್ಮಿತಾ. ಬಿ.ಎಡ್. ಮಾಡಿ ಶಾಲೆಯಲ್ಲಿ ಕಲಿಸಬೇಕೆಂದಿದ್ದ ಹುಡುಗಿ. ಉಳಿದೆಲ್ಲ ಪಾಸು, ಸ್ಟಾಟಿಸ್ಟಿಕ್ಸ್ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಮಾರ್ಚಿನಲ್ಲಿ ಮತ್ತೆ ಹೋದರೆ ಡಿಗ್ರಿಯೂ ಇಲ್ಲ, ಬಿ.ಎಡ್. ಕೂಡ ಇಲ್ಲ, ಬಂದ್ಯೋಡಿನ ಬಟ್ಟೆಯಂಗಡಿಯಲ್ಲಿ ಸೀರೆ ಮಡಚಲು ನಿಲ್ಲುವುದೆಂದು ಮನೆಯಲ್ಲಿ ಮಾತಾಗಿತ್ತು. ಆದರೆ ಹಗಲಿನ ಕ್ಲಾಸಿನಲ್ಲಿ ಅವಳಷ್ಟು ಚೆಂದ ತಲೆಯಾಡಿಸುವವರು ಇನ್ನೊಬ್ಬರಿಲ್ಲ. ಅರ್ಥವಾಯಿತೇ ಎಂದು ಮಲಯಾಳದಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಕೇಳಿದರೂ, ಕನ್ನಡ ಮೀಡಿಯಮ್ಮಿನಿಂದ ಬಂದ ಆ ತಲೆ ಒಂದೇ ಹದದಲ್ಲಿ ಆಡುತ್ತಿತ್ತು.

ಒಂದು ಸಂಜೆ ರಝಿಯಾ ಮೊಗ್ರಾಲಿನ ಬಸ್ಸು ಬಿಟ್ಟು, ಅವಳ ಬೆನ್ನಿಗೇ ಕುಂಬ್ಡಾಜೆ ಬಸ್ಸು ಹತ್ತಿ ಪಕ್ಕದಲ್ಲಿ ಕುಳಿತರು. ಮೊಗ್ರಾಲ್ ಆ ಕಡೆಯಲ್ಲವೇ ಎಂದು ಕಂಡಕ್ಟರ್ ಕೂಸಪ್ಪ ಅನುಮಾನಪಟ್ಟ. ಗೊತ್ತುಂಟು, ಟಿಕೆಟ್ ಕೊಡಿ ಎಂದರು ರಝಿಯಾ. ಸಂಜೆಯ ಕ್ಲಾಸಿಗೆ ಯಾಕೆ ಬರುವುದಿಲ್ಲವೆಂದು ರಶ್ಮಿತಾಳನ್ನು ಕೇಳಿದರು. ಓಡುವ ಬಸ್ಸಿನಿಂದ ಹಾರುವಂತಿಲ್ಲ, ರಶ್ಮಿತಾ ಬಾಯಿಬಿಡಲೇಬೇಕಾಯಿತು.

"ನಮ್ಮ ಜಂಕ್ಷನಿನಲ್ಲಿ ನನ್ನದು ಫ್ಲೆಕ್ಸ್ ಉಂಟು ಟೀಚರೇ. ಹತ್ತನೇದರಲ್ಲಿ ಮಾರ್ಕು ಬಂದಾಗ ಕ್ಲಬ್ಬಿನವರು ಹಾಕಿದ್ದು, ಊರಿನ ಹೆಮ್ಮೆ ಅಂತ. ಈಗ ದಡ್ಡರ ಕ್ಲಾಸಿಗೆ ಹೋದರೆ ಜನ ಎಂತ ಹೇಳಿಯಾರು?"

"ಮಾರ್ಚಿನಲ್ಲಿ ಪರೀಕ್ಷೆ ಬರೆಯುವುದು ಫ್ಲೆಕ್ಸಾ, ನೀನಾ?"

ರಶ್ಮಿತಾ ಅಭ್ಯಾಸಬಲದಿಂದ ತಲೆಯಾಡಿಸಿದಳು. ಆ ತಲೆಯಾಟವೇ ರಝಿಯಾರನ್ನು ಕೆರಳಿಸಿತು. ಎದುರು ಸೀಟಿನ ಅಜ್ಜಿಯತ್ತ ಕೈ ತೋರಿಸಿದರು. ಅಜ್ಜಿಗೆ ಎಂಬತ್ತು, ಮಡಿಲ ಮಗುವಿಗೆ ಸೊನ್ನೆ ಎಂದಿಟ್ಟುಕೊಂಡರೆ ಆ ಸೀಟಿನ ಸರಾಸರಿ ನಲವತ್ತು. ಈಚೆ ಸೀಟಿನ ಗಂಡಸರಿಬ್ಬರಿಗೂ ನಲವತ್ತು. ಅದರ ಸರಾಸರಿಯೂ ನಲವತ್ತು.

"ಹಾಗಾದರೆ ಎರಡೂ ಸೀಟು ಒಂದೇಯಾ?"

ತಲೆ ಆಡಿತು. ಅರ್ಧ ಆಡಿ ನಿಂತಿತು. ಹುಡುಗಿ ಅಜ್ಜಿಯನ್ನು ನೋಡಿದಳು, ಮಗುವನ್ನು ನೋಡಿದಳು, ಗಂಡಸರನ್ನು ನೋಡಿದಳು.

"ಅಲ್ಲ ಟೀಚರೇ. ಇವರಿಬ್ಬರು ನಲವತ್ತರಲ್ಲೇ ಇದ್ದಾರೆ. ಅಜ್ಜಿ ಆಚೆ ನಲವತ್ತು ದೂರ, ಮಗು ಈಚೆ ನಲವತ್ತು ದೂರ."

"ಆ ದೂರಕ್ಕೇ ನಿನ್ನ ಪುಸ್ತಕದಲ್ಲಿ ಸ್ಟಾಂಡರ್ಡ್ ಡೀವಿಯೇಶನ್ ಅಂತ ಹೇಳುವುದು."

"ಇಷ್ಟೆಯಾ?" ಎಂದು ರಶ್ಮಿತಾ ಧಡಕ್ಕನೆ ಎದ್ದು ನಿಂತಳು. ಇಳಿಯುವವಳೆಂದು ಕೂಸಪ್ಪ ಬೆಲ್ಲು ಎಳೆದ. ಬಸ್ಸು ನಡುದಾರಿಯಲ್ಲಿ ನಿಂತಿತು. ತನಗೆ ಎಪ್ಪತ್ತೆರಡೇ ಎಂದು ಅಜ್ಜಿ ತಕರಾರು ತೆಗೆದರು. ಹಾಗಾದರೆ ಲೆಕ್ಕ ಬದಲಾಗುತ್ತದೆಂದು ರಶ್ಮಿತಾ ಬೆರಳು ಮಡಚಲು ಹೊರಟಳು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ನಿದ್ದೆಯ ನಟನೆ ಮಾಡುತ್ತಿದ್ದ ಅವಳ ಸಹಪಾಠಿ ಪ್ರವೀತ್, ಮೂವತ್ತಾರು, ಮೂವತ್ತಾರು ಎಂದು ಕೂಗಿಬಿಟ್ಟ. ಅವನ ಹೆಸರೂ ನೋಟಿಸ್ ಬೋರ್ಡಿನಲ್ಲಿತ್ತು. ಡ್ರೈವರು ಕೂಡ ತಿರುಗಿ, ಮೂರು ಜನ ಕೂತರೆ ಹೇಗೆ ಎಂದು ವಿಚಾರಿಸಿದ. ಕುಂಬ್ಡಾಜೆ ಮುಟ್ಟುವಷ್ಟರಲ್ಲಿ ಎರಡು ಪಾಠ ಮುಗಿದಿತ್ತು. ಮರುದಿನ ನಾಲ್ಕು ಗಂಟೆಗೆ ರಶ್ಮಿತಾ ಮುಂದಿನ ಬೆಂಚಿನಲ್ಲಿದ್ದಳು. ಪ್ರವೀತ್ ತನ್ನ ಗೆಳೆಯರನ್ನೂ ಎಳೆತಂದಿದ್ದ. ಪೋಡಿ ಸಾಲದೆ ಬಂತು.

ಫಲಿತಾಂಶದ ದಿನ ಫೋನಿನಲ್ಲಿ ಪುಟ ತೆರೆಯಲೇ ಇಲ್ಲ. ಇಡೀ ಕ್ಲಾಸು ಸಿಗ್ನಲ್ಲು ಹುಡುಕಿ ಟೆರೇಸಿಗೆ ಓಡಿತು, ರಝಿಯಾ ಚಪ್ಪಲಿ ಮರೆತು ಹಿಂದಿನಿಂದ. ರಶ್ಮಿತಾ ಪಾಸು. ಅದೂ ಅಂಚಿನಲ್ಲಲ್ಲ, ಧಾರಾಳವಾಗಿ. ಅವಳು ಟೀಚರನ್ನು ತಬ್ಬಿಕೊಂಡು ಅತ್ತಳು, ಟೀಚರ್ ಅವಳ ಬಿ.ಎಡ್. ಅರ್ಜಿಯ ಕೊನೆಯ ದಿನಾಂಕ ವಿಚಾರಿಸಿದರು.

ಮರುವರ್ಷ ಮೊದಲ ಸಂಜೆಯೇ ಕೋಣೆ ತುಂಬಿ, ಕೆಲವರು ಕಿಟಕಿಯ ದಂಡೆಯಲ್ಲಿ ಕುಳಿತಿದ್ದರು. ಗದ್ದಲ ಕೇಳಿ ಬಂದ ವೆಂಕಟಕೃಷ್ಣರು ಬಾಗಿಲಲ್ಲೇ ನಿಂತು ಕನ್ನಡಕ ಸರಿಮಾಡಿಕೊಂಡರು.

"ಎಂತ ಟೀಚರೇ, ನಮ್ಮ ಕಾಲೇಜಿನಲ್ಲಿ ಇಷ್ಟೊಂದು ದಡ್ಡರು ಇದ್ದಾರಾ?"

"ದಡ್ಡರು ಯಾರೂ ಬರಲಿಲ್ಲ ಸಾರ್," ಎಂದರು ರಝಿಯಾ, ಬೋರ್ಡಿನಿಂದ ತಿರುಗದೆ. "ಅವರಿಗೆ ಎಲ್ಲ ಗೊತ್ತುಂಟಲ್ಲ."