ಕರೆಂಟು ಹೋದ ಎಪಿಸೋಡು

ಪತ್ತೇದಾರಿ ಧಾರಾವಾಹಿಯನ್ನು ಕೂತು ನೋಡುವುದು ನನ್ನಿಂದ ಆಗದ ಕೆಲಸ. ಕಾನ್ವೆಂಟಿನ ಸಿಸ್ಟರುಗಳು 'ಸಿಟ್ ಸ್ಟಿಲ್' ಎಂದು ಎಷ್ಟು ಗದರಿದರೂ ಕಲಿಯದ ಕಾಲುಗಳಿವು. ಈಗ ಮಂಡಿನೋವಿದ್ದರೂ, ಸಸ್ಪೆನ್ಸ್ ಬಂತೆಂದರೆ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ.

ಮೊನ್ನೆ ಮೊಮ್ಮಗಳು ಬಂದು, ಎಂಬತ್ತರ ದಶಕದ ಆ ಹಿಂದಿ ಡಿಟೆಕ್ಟಿವ್ ಸೀರಿಯಲ್ಲು ಈಗ ಫೋನಿನಲ್ಲೇ ಸಿಗುತ್ತದೆ, ಜನ ಒಂದೊಂದು ಎಪಿಸೋಡಿಗೂ ಸ್ಟಾರ್ ಕೊಟ್ಟಿದ್ದಾರೆ ಎಂದಳು. ಎಲ್ಲಕ್ಕಿಂತ ಹೆಚ್ಚು ಸ್ಟಾರ್ ಬಿದ್ದದ್ದು ವಜ್ರದ ಹಾರ ಕಳುವಾದ ಕಥೆಗಂತೆ. ನನ್ನ ಕಾಲುಗಳು ಆಗಲೇ ಚಡಪಡಿಸತೊಡಗಿದವು. ಆ ಎಪಿಸೋಡಿನ ಕೊನೆಯನ್ನು ನಾನು ನೋಡಿಯೇ ಇಲ್ಲ. ನಾನೇ ಬರೆದದ್ದು.

ಬರೆದದ್ದು ಎಂದರೆ, ಬಾಯಲ್ಲಿ. ಹೊನ್ನಾಳಿಯ ನಮ್ಮ ಬೀದಿಗೆ ಆಗ ನಮ್ಮದೊಂದೇ ಟೀವಿ. ಭಾನುವಾರ ಬೆಳಿಗ್ಗೆ ಬೀದಿಯೆಲ್ಲ ನಮ್ಮ ಪಡಸಾಲೆಯಲ್ಲಿ. ಕಾನ್ವೆಂಟಿನಲ್ಲಿ ಕಲಿತ ನನ್ನನ್ನು ಬಿಟ್ಟರೆ ಹಿಂದಿ ಯಾರಿಗೂ ಬಾರದು. ಟೀವಿ ಪಕ್ಕ ನಿಂತು ಕನ್ನಡದಲ್ಲಿ ಹೇಳುವುದು ನನ್ನ ಡ್ಯೂಟಿ. ಕರೆಂಟು ಮಾತ್ರ ಕಳ್ಳರ ಜೊತೆ ಮೊದಲೇ ಮಾತಾಡಿಕೊಂಡಂತೆ ಸರಿಯಾಗಿ ಕೊನೆಗೇ ಹೋಗುತ್ತಿತ್ತು. ಆದರೂ ಯಾರೂ ಏಳುತ್ತಿರಲಿಲ್ಲ. ಕಥೆಯೆಲ್ಲ ನನ್ನ ಹೊಟ್ಟೆಯಲ್ಲೇ ಇದೆ ಎಂಬಂತೆ ಮುಂದೆ ಹೇಳಿ ಎನ್ನುತ್ತಿದ್ದರು. ಹೇಳುತ್ತಿದ್ದೆ. ರೇಟಿಂಗೂ ಅಲ್ಲೇ: ಹಿಡಿಸಿದರೆ ಕೈಯಲ್ಲಿನ ಮಂಡಕ್ಕಿ ಮರೆತು ಕೂರುವರು, ಹಿಡಿಸದಿದ್ದರೆ ಚಪ್ಪಲಿ ಹುಡುಕುವರು.

ಹಾರದ ಎಪಿಸೋಡಿನ ದಿನ ಬಾಗಿಲ ಬಳಿ ರುದ್ರವ್ವ ಕೂತಿದ್ದಳು. ಜಗಳೂರು ಕಡೆಯವಳು, ಬೀದಿಯ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಆ ವಾರವೇ ಎದುರುಮನೆ ಸಾವಿತ್ರಮ್ಮನವರ ಬೆಂಡೋಲೆ ಕಾಣೆಯಾಗಿತ್ತು. ರುದ್ರವ್ವನನ್ನು ಅವರು ಏನೂ ಅಂದಿರಲಿಲ್ಲ. ಪಾತ್ರೆಗಳನ್ನು ಹಿತ್ತಲಲ್ಲಿಡುತ್ತೇವೆ, ಒಳಗೆ ಬರುವುದು ಬೇಡ ಎಂದಿದ್ದರು, ಅಷ್ಟೆ. ಟೀವಿಯಲ್ಲಿ ಪತ್ತೇದಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮನೆಗೆಲಸದವಳ ಮುಂದೆ ಬಂದು ಬೆರಳೆತ್ತಿದ. ಕರೆಂಟು ಹೋಯಿತು.

ಪಡಸಾಲೆಯ ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು. ಸಾವಿತ್ರಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಇನ್ನೇನೈತೆ ಹೇಳಾಕೆ? ಬೆರಳು ತೋರ್ಸಿದ್ನಲ್ಲ" ಎಂದರು.

ರುದ್ರವ್ವ ನನ್ನನ್ನೇ ನೋಡಿದಳು. "ಬೆರಳು ತೋರ್ಸಿದ್ರೆ ಮುಗೀತೇನ್ರಿ? ಕಥೆ ಇನ್ನೂ ಐತಲ್ಲ, ಅಕ್ಕಾರೆ."

ನಾನು ಓಡಾಡತೊಡಗಿದೆ. ಅವನು ಬೆರಳೆತ್ತಿದ್ದು ಅವಳ ಕಡೆಗಲ್ಲ, ಅವಳ ಹಿಂದಿದ್ದ ಬೀರುವಿನ ಕಡೆಗೆ ಎಂದೆ. ಮನೆಯೊಡತಿ ತಾನೇ ಹಾರವನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು ಮರೆತಿದ್ದಳು ಎಂದೆ. ಅಷ್ಟಕ್ಕೇ ಬಿಟ್ಟರೆ ಸಪ್ಪೆಯೆನಿಸಿ, ಮೊದಲು ಮನೆ ಹುಡುಕಿ, ಆಮೇಲೆ ಮನುಷ್ಯರನ್ನು ಎಂದು ಪತ್ತೇದಾರನಿಂದ ಒಂದು ಡೈಲಾಗನ್ನೂ ಹೊಡೆಸಿದೆ. ಪ್ಲಾಟಿನಲ್ಲಿ ತೂತುಗಳಿದ್ದವು, ಐ ನೋ. ಯಾರೂ ಚಪ್ಪಲಿ ಹುಡುಕಲಿಲ್ಲ.

ಬೆಂಡೋಲೆ ಸಿಕ್ಕಿತೋ ಇಲ್ಲವೋ, ಸಾವಿತ್ರಮ್ಮ ಬಾಯಿಬಿಡಲಿಲ್ಲ. ಮರುದಿನ ಅವರ ಅಂಗಳದಲ್ಲಿ ಬೀರುವಿನ ಸೀರೆಗಳೆಲ್ಲ ಬಿಸಿಲಿಗೆ ಬಿದ್ದಿದ್ದವು. ಅದರ ಮರುದಿನ ರುದ್ರವ್ವ ಅವರ ಅಡುಗೆಮನೆಯಲ್ಲೇ ಕಾಫಿ ಕುಡಿಯುತ್ತಿದ್ದಳು.

ಈಗ ಮೊಮ್ಮಗಳು ಫೋನಿನಲ್ಲಿ ಅದನ್ನು ಹಾಕಿಯೇಬಿಟ್ಟಳು. ಅಸಲಿ ಕಥೆಯಲ್ಲಿ ಕಳ್ಳಿ ಕೆಲಸದವಳೇ. ಪುಣ್ಯಾತ್ಮ ಚೆನ್ನಾಗಿಯೇ ಬರೆದಿದ್ದಾನೆ, ಹುಡುಕಿದರೂ ಒಂದು ತೂತಿಲ್ಲ. ಎಷ್ಟು ಸ್ಟಾರ್ ಕೊಡಲಿ ಎಂದು ಮೊಮ್ಮಗಳು ಕೇಳಿದಳು. ಬುದ್ಧಿವಂತ, ಐದೂ ಕೊಡು ಎಂದು ಅಡುಗೆಮನೆಗೆ ಹೋದೆ. ಅಲ್ಲಿ ನಿಲ್ಲಲಾಗಲಿಲ್ಲ. ವಾಪಸು ಬಂದು, ಒಂದು ಕಿತ್ತುಕೋ ಎಂದೆ. ಪಾಪ, ಅವನು ಬರೆಯುವಾಗ ಕರೆಂಟು ಹೋಗಿರಲಾರದು. ಬಾಗಿಲ ಬಳಿ ಕೂತವರ ಮುಖ ಅವನಿಗೆ ಕಂಡಿರಲಾರದು.