ಒಪ್ಪಿಗೆಗೆ ಕಾದ ಮೋಟಾರು

ಸಾಗರದಲ್ಲಿರುವ ಒಂದು ಪಂಪ್ ಕಂಪನಿಯ ಗೋದಾಮಿನಲ್ಲಿ ಆರ್ಡರ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸನಗರ, ತೀರ್ಥಹಳ್ಳಿ ಕಡೆಯ ಅಂಗಡಿಗಳಿಗೆ ಮೋಟಾರು, ಬಿಡಿಭಾಗ ಹೋಗುವುದು ನಮ್ಮಲ್ಲಿಂದ. ಮೊದಲೆಲ್ಲ ಅಂಗಡಿಯವರು ಫೋನ್ ಮಾಡಿ ಹೇಳುತ್ತಿದ್ದರು, ನಾನು ಬಿಲ್ ತೆಗೆದು ಮಧ್ಯಾಹ್ನದ ಬಸ್ಸಿಗೆ ಹಾಕಿಸುತ್ತಿದ್ದೆ, ಸಂಜೆಗೆ ಸಾಮಾನು ಮುಟ್ಟುತ್ತಿತ್ತು. ಇದರಲ್ಲೇನೋ ಕೊರತೆಯಿದೆ ಎಂದು ನನಗೆ ಗೊತ್ತಾದದ್ದೇ ಹೆಡ್ಡಾಫೀಸಿನವರು ಹೊಸ ಸಾಫ್ಟ್‌ವೇರ್ ತಂದಾಗ.

ತರಬೇತಿಯ ದಿನ ಕಂಪ್ಯೂಟರ್ ಪರದೆಯಲ್ಲಿ ಕಾಣಿಸಿಕೊಂಡ ಹುಡುಗ ಬಹಳ ಹುರುಪಿನಲ್ಲಿದ್ದ. “ಇನ್ನು ಆರ್ಡರ್ ತನ್ನಷ್ಟಕ್ಕೆ ತಾನೇ ಹೋಗುತ್ತೆ ಮೇಡಂ. ನೀವು ನೋಡ್ತಾ ಇದ್ರೆ ಸಾಕು” ಎಂದ. ಅಂಗಡಿಯವರು ಮೊಬೈಲಿನಲ್ಲೇ ಆರ್ಡರ್ ಹಾಕಬೇಕು. ದೊಡ್ಡ ಸಾಮಾನಾದರೆ ನಮ್ಮ ಮ್ಯಾನೇಜರು ಒಪ್ಪಿಗೆಯ ಗುಂಡಿ ಒತ್ತಬೇಕು. ಒತ್ತಿದ ಮೇಲೆ ಬಿಲ್ ತಾನಾಗಿ ಬರುತ್ತದೆ. ಬಿಲ್ ಇಲ್ಲದೆ ಒಂದು ವಾಷರ್ ಕೂಡ ಗೇಟು ದಾಟುವಂತಿಲ್ಲ. ಕೇಳುವುದಕ್ಕೆ ಎಲ್ಲವೂ ಸರಿಯಾಗಿಯೇ ಇತ್ತು.

ಈ ಬೇಸಿಗೆಯಲ್ಲಿ ಮ್ಯಾನೇಜರು ಮಗಳ ಮದುವೆಗೆಂದು ರಜೆ ಹಾಕಿದರು. ಹೋಗುವಾಗ ತಮ್ಮ ಒಪ್ಪಿಗೆಯ ಅಧಿಕಾರವನ್ನು ಸಾಫ್ಟ್‌ವೇರಿನಲ್ಲಿ ನನಗೆ ವಹಿಸಿ ಹೋದರು. ಮರುದಿನವೇ ತೀರ್ಥಹಳ್ಳಿಯ ಅಂಗಡಿಯಿಂದ ಒಂದು ಮೋಟಾರಿಗೆ ಆರ್ಡರ್ ಬಂತು. ಆ ಅಂಗಡಿ ನಡೆಸುವವರು ಒಬ್ಬ ಹೆಂಗಸು. ನಾನು ಅವರ ಮುಖ ನೋಡಿರಲಿಲ್ಲ, ಧ್ವನಿಯ ಪರಿಚಯ ಮಾತ್ರ. ಆರ್ಡರಿನ ಹಿಂದೆಯೇ ಅವರ ಫೋನೂ ಬಂತು.

“ಮಂಡಗದ್ದೆ ಹತ್ರದ ಒಂದ್ ಊರಿಂದು ಕುಡಿಯೋ ನೀರಿನ ಮೋಟಾರು ಸುಟ್ಟೋಗಿದೆ ಕಣ್ರೀ. ಜನ ಹೊಳೆಯಿಂದ ಹೊರ್ತಿದಾರೆ. ಇವತ್ತೇ ಕಳಿಸ್ತೀರಾ?”

ಮೋಟಾರು ನನ್ನ ಮೇಜಿನಿಂದ ಕೈಗೆಟುಕುವಷ್ಟು ದೂರದಲ್ಲಿತ್ತು. “ಮಧ್ಯಾಹ್ನದ ಬಸ್ಸಿಗೇ ಹಾಕ್ತೀನಿ” ಎಂದೆ.

ಒಪ್ಪಿಗೆಯ ಗುಂಡಿ ಒತ್ತಿದೆ. ಸಾಮಾನು ಕಳಿಸುವವರೇ ಒಪ್ಪಿಗೆ ಕೊಡುವಂತಿಲ್ಲ ಎಂದು ಕೆಂಪು ಅಕ್ಷರ ಬಂತು, ಆರ್ಡರು ಮ್ಯಾನೇಜರಿಗೆ ಹೋಯಿತು. ಮ್ಯಾನೇಜರು ರಜೆಯಲ್ಲಿದ್ದಾರಲ್ಲ, ಅದು ತಿರುಗಿ ನನಗೇ ಬಂತು. ಒತ್ತಿದೆ. ಮತ್ತೆ ಅವರಿಗೆ ಹೋಯಿತು. ಮತ್ತೆ ನನಗೆ ಬಂತು. ಕಳಿಸುವವಳೂ ನಾನೇ, ಒಪ್ಪಬೇಕಾದವಳೂ ನಾನೇ. ಗೋದಾಮಿನಲ್ಲಿ ಇರುವುದೇ ನಾವಿಬ್ಬರು ಎನ್ನುವುದನ್ನು ಆ ಯಂತ್ರಕ್ಕೆ ಯಾರೂ ಹೇಳಿರಲಿಲ್ಲ.

ಸಹಾಯವಾಣಿಗೆ ದೂರು ಹಾಕಿದೆ. ಸ್ವಲ್ಪ ಹೊತ್ತಿಗೆ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಎಂಬ ಉತ್ತರ ಬಂತು. ಬಗೆಹರಿದದ್ದು ಏನೂ ಇರಲಿಲ್ಲ, ಮೋಟಾರಿಲ್ಲದೆಯೇ ಮಧ್ಯಾಹ್ನದ ಬಸ್ಸು ಹೋಯಿತು.

ತೀರ್ಥಹಳ್ಳಿಯಾಕೆಯ ಫೋನ್ ಮತ್ತೆ ಬಂತು. ಈ ಸಲ ಧ್ವನಿ ಬೇರೆಯಾಗಿತ್ತು. “ಎಂತ ಮಾರಾಯ್ರೆ ಇದು? ‘ನಿಮ್ಮ ಆರ್ಡರ್ ಮುಂದಿನ ಹಂತ ತಲುಪಿದೆ, ಅಭಿನಂದನೆಗಳು’ ಅಂತ ಬೆಳಗ್ಗಿಂದ ಮೆಸೇಜ್ ಬರ್ತಾನೇ ಇದೆ. ಮುಂದೆ ಹೋಗ್ತಾ ಹೋಗ್ತಾ ಅದು ಎಲ್ಲಿಗ್ ಹೋಯ್ತು?”

ನಾನು ಗುಂಡಿ ಒತ್ತಿದಾಗಲೆಲ್ಲ ಅವರಿಗೊಂದು ಅಭಿನಂದನೆ ಹೋಗುತ್ತಿತ್ತು! ನನಗೆ ನಾಚಿಕೆಯಾಯಿತು. “ಇಲ್ಲೇ ಇದೆ. ನನ್ನ ಕಣ್ಣೆದುರಿಗೇ ಇದೆ” ಎಂದೆ.

“ಕಣ್ಣೆದುರಿಗಿದ್ರೆ ಕಳಿಸಿ. ಊರೋರು ಬಂದು ಅಂಗಡಿ ಮುಂದೆ ನಿಂತಿದಾರೆ. ನಾನು ಸುಳ್ಳು ಹೇಳ್ತಿದೀನಿ ಅಂದ್ಕಂಡಿದಾರೆ.”

ಮರುದಿನ ಬೆಳಿಗ್ಗೆ, ಮನಸ್ಸಿಲ್ಲದ ಮನಸ್ಸಿನಿಂದ ಮ್ಯಾನೇಜರಿಗೆ ಫೋನ್ ಮಾಡಿದೆ. ಹಿಂದೆ ವಾಲಗ ಜೋರಾಗಿತ್ತು. ಅವರು ಪಾಪ, ಧಾರೆಯ ಹೊತ್ತು ಹತ್ತಿರವಾಗಿದ್ದರೂ ಪಂಚೆ ಹಿಡಿದುಕೊಂಡು ಛತ್ರದ ಹೊರಗೆ ಬಂದು, ಮೊಬೈಲಿನಲ್ಲಿ ತಮ್ಮ ರಜೆಯನ್ನೇ ರದ್ದು ಮಾಡಿ ಗುಂಡಿ ಒತ್ತಿದರು. ಬಿಲ್ ಬರಲಿಲ್ಲ. ‘ದಾಸ್ತಾನು ಇಲ್ಲ’ ಎಂದಿತು. ಒಪ್ಪಿಗೆಗೆ ಕಾದು ತಡವಾದ್ದರಿಂದ, ನಮ್ಮಲ್ಲಿದ್ದ ಆ ಒಂದೇ ಮೋಟಾರನ್ನು ಸಾಫ್ಟ್‌ವೇರ್ ಹೊಸನಗರದ ಅಂಗಡಿಯ ಹೆಸರಿಗೆ ಬರೆದುಬಿಟ್ಟಿತ್ತು. ಅದರ ಬಿಲ್ ಮಾತ್ರ ಚೊಕ್ಕವಾಗಿ ಬಂದು ಕೂತಿತ್ತು.

ಹೊಸನಗರದ ಅಂಗಡಿಯವರು ನಿಧಾನ ಸ್ವಭಾವದ ಹಿರಿಯರು. ಅವರಿಗೆ ಫೋನ್ ಮಾಡಿ, ಆ ಮೋಟಾರು ಅರ್ಜೆಂಟ್ ಬೇಕಿತ್ತಾ ಎಂದು ಕೇಳಿದೆ.

“ಯಾವ ಮೋಟಾರು? ನಾ ಎಂತದೂ ಹೇಳ್ಲೇ ಇಲ್ವಲ್ಲ.”

“ನಿಮ್ಮ ಹೆಸರಲ್ಲಿ ಆರ್ಡರ್ ಇದೆ.”

“ಓ, ಅದಾ! ಅಂಗಡೀಲಿ ಸ್ಟಾಕು ಕಮ್ಮಿ ಆದ್ರೆ ಅದೇ ಹಾಕ್ಕಳ್ತದೆ. ನನ್ನೇನು ಕೇಳ್ತದಾ?”

ಯಂತ್ರ ತಾನೇ ಹಾಕಿಕೊಂಡ ಆರ್ಡರಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಯಾರೂ ಕೇಳದ ಮೋಟಾರಿಗೆ ಬಿಲ್ ಇತ್ತು. ಊರಿಗೆ ಊರೇ ಕಾಯುತ್ತಿದ್ದ ಮೋಟಾರಿಗೆ ಇರಲಿಲ್ಲ. ನಡೆದದ್ದನ್ನೆಲ್ಲ ಅವರಿಗೆ ಹೇಳಿಕೊಂಡೆ. ಅವರು ಎಲ್ಲ ಕೇಳಿ, “ತಲೆಬಿಸಿ ಮಾಡ್ಕಬೇಡಿ. ನನ್ನ ಹೆಸರಲ್ಲೇ ಬಸ್ಸಿಗೆ ಹಾಕಿ. ಇಲ್ಲಿ ಇಳಿಸ್ಕಂಡು ತೀರ್ಥಳ್ಳಿ ಬಸ್ಸಿಗೆ ನಾನೇ ಹತ್ತುಸ್ತೀನಿ. ನೀರಿನ ವಿಷ್ಯ, ತಡ ಮಾಡ್ಬಾರ್ದು” ಎಂದರು.

ಹಾಗೆಯೇ ಆಯಿತು. ಸಂಜೆ ತೀರ್ಥಹಳ್ಳಿಯಿಂದ ಫೋನ್ ಬಂತು. “ಬಂತು. ಜೀಪಲ್ಲಿ ಹಾಕ್ಕಂಡು ಹೋದ್ರು” ಎಂದಷ್ಟೇ ಹೇಳಿ ಆಕೆ ಇಟ್ಟುಬಿಟ್ಟರು. ಥ್ಯಾಂಕ್ಸ್ ಹೇಳಲಿಲ್ಲ. ಯಾಕೆ ಹೇಳಬೇಕು? ಎರಡು ದಿನ ಊರಿನವರ ಬೈಗುಳ ತಿಂದದ್ದು ಅವರು.

ಅಲ್ಲಿಗೂ ಮುಗಿಯಲಿಲ್ಲ. ಹೊಸನಗರದಲ್ಲಿ ಸ್ಟಾಕು ಮತ್ತೆ ಕಡಿಮೆ ಕಂಡು ಸಾಫ್ಟ್‌ವೇರ್ ಇನ್ನೊಂದು ಮೋಟಾರಿಗೆ ಆರ್ಡರ್ ಹಾಕಿತು. ತೀರ್ಥಹಳ್ಳಿಯ ಹಳೆಯ ಆರ್ಡರನ್ನು ನಾನು ರದ್ದು ಮಾಡಲು ಹೋದರೆ, ಅದಕ್ಕೂ ಒಪ್ಪಿಗೆ ಬೇಕೆಂದಿತು. ನಡೆದದ್ದನ್ನು ವಿವರವಾಗಿ ಬರೆದು ಹೆಡ್ಡಾಫೀಸಿಗೆ ಕಳಿಸಿದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ಬಂತು. ಬರೆದವರ ಹೆಸರು ಅದರಲ್ಲಿರಲಿಲ್ಲ.

ಮದುವೆ ಮುಗಿಸಿ ಬಂದ ಮ್ಯಾನೇಜರು ಇನ್ನೊಂದು ಊರಿನ ಗೋದಾಮಿನವರನ್ನು ಬದಲಿ ಒಪ್ಪಿಗೆದಾರರನ್ನಾಗಿ ಮಾಡಿ ಎಂದು ಹೆಡ್ಡಾಫೀಸಿನವರನ್ನು ಕೇಳಿಕೊಂಡರು. ಪತ್ರ ಬರೆದು, ಫೋನ್ ಮಾಡಿ, ಕೊನೆಗೆ ಜಗಳವಾಡಿ ಅದನ್ನು ಮಾಡಿಸಿದರು. ಅದು ಜಾರಿಗೆ ಬರುವ ಹೊತ್ತಿಗೆ ಮಳೆಗಾಲ ಹಿಡಿದಿತ್ತು, ಮೋಟಾರು ಕೇಳುವವರೇ ಇರಲಿಲ್ಲ. ಖಾಲಿ ಪರದೆಯ ಮುಂದೆ ಕೂತು ಇಬ್ಬರೂ ಚಹಾ ಕುಡಿದೆವು. “ಈಗ ನೋಡು, ಎಷ್ಟು ಚೆನ್ನಾಗಿ ನಡೀತಿದೆ” ಎಂದರು ಅವರು. ನನಗೆ ನಗು ಬರಲಿಲ್ಲ.