ಕೆಂಪಣ್ಣನವರ ಪೇಟೆ ಗಾಡಿ

ಕೆಂಪಣ್ಣನವರ ಗಾಡಿ ಮಣ್ಣಿಗೆ ಇಳಿಯುವ ಮೊದಲು ಅವರ ಕಾಲು ಇಳಿಯುತ್ತಿತ್ತು. ಟಾರು ಮುಗಿಯುವ ಕಡೆ ನಿಲ್ಲಿಸಿ, ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ಜೋಡಿಸಿಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಮುಂದೆ ನಡೆದುಹೋಗುವರು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಮ್ಮಡಿಯನ್ನು ನೆಲಕ್ಕೆ ಒತ್ತುವರು. ಕಾಲೆತ್ತಿ, ಬಗ್ಗಿ, ಆ ಗುಳಿಯನ್ನು ನೋಡುವರು. ಗುಳಿಯಲ್ಲಿ ನೀರು ಜಿನುಗಿದರೆ ಆ ಜಾಗ ಬೇಡ. ಬೆರಳೊತ್ತಿದ ರಾಗಿಮುದ್ದೆಯ ಹಾಗೆ ಗುಳಿ ಸುಮ್ಮನೆ ನಿಂತರೆ ಅಲ್ಲಿ ಚಕ್ರ ಹೋಗಬಹುದು. ದಿನವೂ ಒಲೆಯ ಮುಂದೆ ಹದ ನೋಡುವ ನನಗೆ ಅವರ ವಿದ್ಯೆ ಬೇಗ ಅರ್ಥವಾಯಿತು. ಬೀದಿಯ ಉಳಿದವರಿಗೆ ಅದು ತಮಾಷೆ. "ಕೆಂಪಣ್ಣ ಗಾಡಿಗೆ ದಾರಿ ವಿಚಾರಿಸ್ಕೊಂಡು ಬರೋಕೆ ಹೋದ್ರು" ಎನ್ನುತ್ತಿದ್ದರು.

ತಮಾಷೆಗೆ ಕಾರಣ ಆ ಗಾಡಿಯೇ. ಒಂಟಿಕೊಪ್ಪಲಿನಲ್ಲಿ ನಮ್ಮ ಮನೆಯಿಂದ ನಾಲ್ಕನೆಯದು ಅವರ ಮನೆ. ಹೆಬ್ಬಾಳದ ಕಾರ್ಖಾನೆಯೊಂದರ ಶಿಫ್ಟ್ ಬಸ್ಸನ್ನು ಇಪ್ಪತ್ತೆಂಟು ವರ್ಷ ಓಡಿಸಿ ನಿವೃತ್ತರಾದ ಮೇಲೆ, ಜಯಲಕ್ಷ್ಮಿಪುರಂನ ಯಾರೋ ಶೋಕಿಗೆಂದು ಕೊಂಡು ಬೇಸತ್ತು ಮಾರಿದ ಪಿಕಪ್ಪನ್ನು ಮನೆಗೆ ತಂದರು. ಅದೇ ಪಿಕಪ್ಪಿನಲ್ಲಿ ಕಾಡುಮೇಡು ಹತ್ತುವ ಮಾಡೆಲ್ಲೂ ಇದೆಯಂತೆ. ಅದರಲ್ಲಿ ನಾಲ್ಕೂ ಚಕ್ರ ಎಳೆಯುತ್ತವಂತೆ, ಎತ್ತರವೂ ಹೆಚ್ಚಂತೆ. ಇದು ಅದಲ್ಲ. ಇದು ಪೇಟೆಯ ರಸ್ತೆಯಲ್ಲಿ ಮೆರೆಯಲಿ ಎಂದು ಮಾಡಿದ್ದು. ತಗ್ಗು ಮೈ, ಮಿರಿಮಿರಿ ಕಪ್ಪು ಬಣ್ಣ, ಅಗಲವಾದ ನುಣುಪು ಟೈರು, ಮುಂದೆ ನೆಲ ಮುಟ್ಟುವಂತೆ ಇಳಿದ ಬಂಪರಿನ ಪ್ಲಾಸ್ಟಿಕ್ ಗಲ್ಲ. ಎಳೆಯುವುದು ಹಿಂದಿನ ಎರಡು ಚಕ್ರ ಮಾತ್ರ. ನಮ್ಮ ಬೀದಿಯ ರಸ್ತೆಯುಬ್ಬಿಗೇ, ಆ ಸಣ್ಣ ಹಂಪಿಗೇ, ಅದರ ಹೊಟ್ಟೆ ಉಜ್ಜುತ್ತಿತ್ತು. ಗಾಡಿಯನ್ನು ಅವರು ಓರೆಯಾಗಿ ತಂದು, ಒಂದೊಂದೇ ಚಕ್ರ ಹತ್ತಿಸಿ ಇಳಿಸಿ ದಾಟಿಸುವರು. ಆ ಹೊತ್ತಿಗೆ ಹಿಂದೆ ಮೂರು ಸ್ಕೂಟರು ನಿಂತಿರುತ್ತಿದ್ದವು.

ಗಾಡಿ ಬಂದ ದಿನ ನಮ್ಮೆಜಮಾನರು ಗೇಟಿನಲ್ಲಿ ನಿಂತು, "ಮದುವೆಗಂಡಿನ ಹಾಗಿದೆಯಲ್ಲ ಕೆಂಪಣ್ಣ, ಇದರ ಮೇಲೆ ಏನು ಹೊರಸ್ತೀರಿ?" ಅಂದರು.

"ಇಪ್ಪತ್ತೆಂಟು ವರ್ಷ ಬೆನ್ನಿಂದೆ ಜನ ಕೂರುಸ್ಕೊಂಡು ಓಡ್ಸಿವ್ನಿ ಸಾರ್. ಬ್ರೇಕ್ ಹಾಕುದ್ರೂ ಬೈಗುಳ, ಹಾಕ್ದೆ ಇದ್ರೂ ಬೈಗುಳ. ಇನ್ಮೇಲೆ ಮಾತಾಡ್ದೆ ಇರೋ ಸಾಮಾನು ಸಾಕು."

"ಮಣ್ಣಿನ ರಸ್ತೆಗೆ ಹೋಗತ್ತಾ?" ಅಂತ ನಾನು ಕೇಳಿದೆ. ಅವರು ಗಾಡಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು.

"ಇವ್ನು ಬೂಟಾಕ್ಕೊಂಡ ಪ್ಯಾಟೆ ಅಳಿಯ ಕಣಮ್ಮ. ಗದ್ದೆಗೆ ಇಳಿಯಕಿಲ್ಲ ಅಂತಲ್ಲ. ಕೈ ಹಿಡ್ಕೊಂಡು ಇಳುಸ್ಬೇಕು, ಅಷ್ಟೆ."

ಹೆಂಡತಿ ಜಯಮ್ಮನ ಹಳೆಯ ನೂಲಿನ ಸೀರೆಯೊಂದನ್ನು ನಾಲ್ಕು ತುಂಡು ಮಾಡಿ, ದಿನಕ್ಕೊಂದು ತುಂಡಿನಂತೆ ಗಾಡಿ ಒರೆಸುತ್ತಿದ್ದರು. ನಮ್ಮ ಮನೆಯಲ್ಲಿ ಕಾಫಿ ಕೊಟ್ಟರೆ ಒಳಗೆ ಕೂರುವವರಲ್ಲ. ಜಗುಲಿಯಲ್ಲಿ, ಗಾಡಿ ಕಾಣುವ ಹಾಗೆ ಕೂತು ಕುಡಿಯುವರು. ಅರ್ಧ ಲೋಟ ಸಾಕು ಅನ್ನುವರು, ಆ ಅರ್ಧ ಮುಗಿದ ಮೇಲೆ ಇನ್ನರ್ಧ ಕೇಳುವರು. ನಾನು ಆಗ ಹೆಬ್ಬಾಳದ ಕೆಲಸಗಾರರಿಗೆ ಹತ್ತು ಕ್ಯಾರಿಯರ್ ಊಟ ಮಾಡಿ ಕಳಿಸುತ್ತಿದ್ದೆ. ಅವನ್ನು ಒಯ್ಯುತ್ತಿದ್ದವರು ಕೆಂಪಣ್ಣನವರೇ. ಸಾರು ಒಂದು ದಿನವೂ ಮುಚ್ಚಳ ದಾಟಿ ಬರಲಿಲ್ಲ.

ಹಾಗಿರುವಾಗ ನನಗೆ ಮೊದಲ ದೊಡ್ಡ ಅಡುಗೆ ಸಿಕ್ಕಿತು. ಕ್ಯಾರಿಯರ್ ಊಟ ತರಿಸುತ್ತಿದ್ದ ಲೋಕೇಶ್ ಎಂಬುವರು ಹೆಬ್ಬಾಳ ದಾಟಿ, ರಿಂಗ್ ರೋಡಿನ ಆಚೆ, ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ್ದರು. ಕಾರ್ತಿಕದಲ್ಲಿ ಗೃಹಪ್ರವೇಶ, ನೂರೈವತ್ತು ಜನರ ಊಟ. ಚೆನ್ನಾಗಿ ಆದರೆ ಇನ್ನು ನಾಲ್ಕು ಮನೆಯವರು ಕರೆಯುತ್ತಾರೆ. ಕೆಟ್ಟರೆ ಮತ್ತೆ ಹತ್ತು ಕ್ಯಾರಿಯರಿಗೇ ನನ್ನ ಒಲೆ. ಹಿಂದಿನ ದಿನವೇ ಮೂವರು ಹೆಂಗಸರನ್ನು ಕರೆಸಿಕೊಂಡು ಹೋಳಿಗೆ ತಟ್ಟಿಟ್ಟೆ. ಬೆಳಗಿನ ಜಾವದಿಂದ ಮಳೆ ಹಿಡಿಯಿತು.

ಹತ್ತು ಗಂಟೆಗೆ ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಲೋಕೇಶ್ ಫೋನು. "ಆಂಟಿ, ಲೇಔಟ್ ಒಳಗೆ ಗಾಡಿ ಬರೋ ಹಾಗಿಲ್ಲ. ಪುರೋಹಿತರ ಕಾರೇ ಹೂತ್ಕೊಂಡು ಕೂತಿದೆ. ಊಟ ಹೇಗೆ ತರ್ತೀರೋ ನೋಡಿ. ಹನ್ನೆರಡೂವರೆಗೆ ಎಲೆ ಹಾಕ್ಬೇಕು."

ಒಲೆ ಸಣ್ಣ ಮಾಡಿ ಹೊರಗೆ ಬಂದೆ. ಜಗುಲಿಯಲ್ಲಿದ್ದ ಕೆಂಪಣ್ಣನವರಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟು, "ಓಗಿ ನೋಡವ ಬುಡಮ್ಮ. ನೆಲ ಇನ್ನೂ ನಮ್ ಕೈಲಿ ಮಾತಾಡಿಲ್ಲವಲ್ಲ" ಅಂದರು.

ಕೊಳಗಗಳ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಮುಚ್ಚಳ ಬಿಗಿದು, ಅಡಿಗೆ ಗೋಣಿ ಹಾಸಿ ಎಲ್ಲವನ್ನೂ ಏರಿಸಿದೆವು. ಹನ್ನೊಂದೂವರೆಗೆ ಟಾರು ಮುಗಿಯುವ ಜಾಗ ತಲುಪಿದೆವು. ಎದುರಿಗೆ, ಹಿಂದೊಮ್ಮೆ ರಾಗಿ ಹೊಲವಾಗಿದ್ದ ಬಯಲು, ಸಾಲಾಗಿ ಸೈಟಿನ ಕಲ್ಲು, ಕೆಂಪು ಕೆಸರು. ಇನ್ನೂರು ಮಾರು ದೂರದಲ್ಲಿ ಮಾವಿನ ತೋರಣದ ಮನೆ. ನಡುವೆ ಪುರೋಹಿತರ ಕಾರು, ಮೂತಿ ಮಣ್ಣಿಗಿಟ್ಟುಕೊಂಡು.

ಕೆಂಪಣ್ಣನವರು ಚಪ್ಪಲಿ ಬಿಚ್ಚಿದರು. ನನ್ನ ಬಾಳೆಲೆಯ ಕಟ್ಟಿಗೆ ಕೈ ಹಾಕಿದರು.

"ಎಲೆ ಎಣಿಸಿ ತಂದಿದೀನಿ ಕೆಂಪಣ್ಣ."

"ಅರಿದಿರೋವು ಕೊಡಮ್ಮ, ಉಣ್ಣಕ್ಕಲ್ಲ."

ಹರಿದ ಎಲೆಗಳನ್ನು ಬಗಲಲ್ಲಿಟ್ಟುಕೊಂಡು ಹೊರಟರು. ಹಿಮ್ಮಡಿ ಒತ್ತಿ ಗಟ್ಟಿ ಸಿಕ್ಕಿದ ಕಡೆಯೆಲ್ಲ ಒಂದು ತುಂಡು ಎಲೆ ಇಟ್ಟು ಮೇಲೊಂದು ಕಲ್ಲು ಹೇರುತ್ತ, ಮನೆಯ ಬಾಗಿಲು ಮುಟ್ಟಿ ಬಂದರು. ದಾರಿ ನೆಟ್ಟಗಿರಲಿಲ್ಲ, ಸೈಟುಗಳ ನಡುವೆ ಹಾವಿನ ಹಾಗೆ ಸುತ್ತಿತ್ತು. ನಾನು ಗಡಿಯಾರ ನೋಡುತ್ತಿದ್ದೆ. ಅವರು ಚಕ್ರಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೀಲಿಯ ತುದಿಯಿಂದ ಒತ್ತಿ ಟೈರಿನ ಗಾಳಿ ಬಿಡತೊಡಗಿದರು. "ಉಂಡ ಹೊಟ್ಟೆ ತರ ವಸಿ ಅಗಲ ಆಗ್ಲಿ. ಚೂಪಾಗಿದ್ರೆ ನೆಲ ಕುಯ್ತದೆ." ಆಮೇಲೆ, ಭದ್ರವಾಗಿರಲೆಂದು ನಾನು ಮುಂದಕ್ಕೆ ತಳ್ಳಿಸಿದ್ದ ಅನ್ನ, ಹುಳಿ, ಮಜ್ಜಿಗೆಯ ಕೊಳಗಗಳನ್ನು ಹಿಂದಿನ ಚಕ್ರದ ನೆತ್ತಿಗೆ ಸರಿಸಿ ಕಟ್ಟಿದರು. "ಎಳೆಯೋನು ಇವ್ನು. ಭಾರ ಇವ್ನ ಮೇಲೇ ಇರ್ಬೇಕು."

ಹೊರಟೆವು. ಓಟವಲ್ಲ, ನಡಿಗೆ. "ನಿಂತ್ರೂ ಕೆಟ್ಟೋ, ಓಡುದ್ರೂ ಕೆಟ್ಟೋ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಎಲೆಯಿಂದ ಎಲೆಗೆ ಹೋದರು. ಒಂದು ಕಡೆ ಬದುವಿಗೆ ತಗುಲಿ ಮುಂದಿನ ಗಲ್ಲ ಕರಕ್ಕೆಂದಿತು. ಇನ್ನೊಂದು ಕಡೆ ಹಿಂಭಾಗ ಜಾರಿ ಕಲ್ಲಿನ ಹತ್ತಿರಕ್ಕೆ ಹೋಯಿತು. ಅವರು ಸ್ಟಿಯರಿಂಗನ್ನು ಅದು ಜಾರಿದ ಕಡೆಗೇ ಒಂದಿಷ್ಟು ತಿರುಗಿಸಿ ಕಾದರು, ಗಾಡಿ ತಾನಾಗಿ ಸರಿಹೋಯಿತು. ಹನ್ನೆರಡು ಹತ್ತಕ್ಕೆ ಚಪ್ಪರದ ಮುಂದೆ ನಿಂತೆವು. ಕಳಚಿಕೊಂಡಿದ್ದ ಗಲ್ಲವನ್ನು ಅವರು ಎಲೆ ಕಟ್ಟಿದ್ದ ಬಾಳೆನಾರಿನಿಂದಲೇ ಬಿಗಿದರು. ಹನ್ನೆರಡೂವರೆಗೆ ಎಲೆ ಬಿತ್ತು. ಎರಡನೇ ಪಂಕ್ತಿಯಲ್ಲಿ ಯಾರೋ ಹುಳಿಯನ್ನು ಮೂರನೇ ಸಲ ಕೇಳಿದ್ದು ಕಿವಿಗೆ ಬಿದ್ದಾಗ ನಾನು ಮೊದಲ ಬಾರಿಗೆ ಕೂತೆ.

ಕೆಟ್ಟದ್ದು ವಾಪಸು ಬರುವಾಗ. ಬಿಸಿಲು ಬಂದಿತ್ತು, ಪಾತ್ರೆ ತುಂಬಿಯಾಗಿತ್ತು, ದಾರಿಯ ಎಲೆಗಳೂ ಇದ್ದವು. ಕೆಂಪಣ್ಣನವರು ಖುಷಿಯಲ್ಲಿದ್ದರು, ಕಾಲು ಇಳಿಸದೆ ಹೊರಟರು. ಹತ್ತು ಮಾರು ಹೋಗಿಲ್ಲ, ಹಿಂದಿನ ಚಕ್ರ ಸುಮ್ಮನೆ ಸುತ್ತಿ, ಕೆಸರು ಚಿಮ್ಮಿಸಿ, ನಿಂತುಬಿಟ್ಟಿತು. ಅವರು ಇಳಿದು ನೋಡಿ ತಲೆ ಕೆರೆದುಕೊಂಡರು.

"ಮರ್ತೇ ಬುಟ್ಟೆ ನೋಡಮ್ಮ. ಭಾರ ಎಲ್ಲ ಇಳಿಸ್ಬುಟ್ಟು ಬಂದಿದೀವಿ. ಬರೀ ಪಾತ್ರೆ ಇಟ್ಕೊಂಡ್ರೆ ಇವ್ನ ಇಂಭಾಗ ಕುಣಿಯಕ್ಕೆ ಸುರು."

ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಿದ್ದ ಗಂಡಸರು ಪಂಚೆ ಎತ್ತಿ ಕಟ್ಟಿಕೊಂಡು ತಳ್ಳಲು ಬಂದರು. ಕೆಂಪಣ್ಣನವರು ಕೈ ಅಡ್ಡ ಇಟ್ಟರು.

"ತಳ್ಬ್ಯಾಡಿ, ಅತ್ಕಳಿ."

"ಎಲ್ಲಿಗೆ?"

"ಇಂದಕ್ಕೆ. ಬರೋವಾಗ ಊಟ ಒತ್ಕೊಂಡು ಬಂತಲ್ಲ, ಆ ಊಟ ಈಗ ನಿಮ್ಮತ್ರಾನೇ ಅದೆ. ಅದು ಬಂದ್ರೆ ಗಾಡಿ ಬತ್ತದೆ."

ಎಲ್ಲರೂ ನಕ್ಕರು, ಆದರೆ ಹತ್ತಿದರು, ಎಂಟು ಜನ. ದಪ್ಪಗಿದ್ದ ಒಬ್ಬರು, "ನಾನು ಐದು ಹೋಳಿಗೆ ತಿಂದಿದೀನಿ ಕಣ್ರೀ" ಎಂದರು. "ಅಂಗಾರೆ ನೀವು ಸರ್ಯಾಗಿ ಚಕ್ರದ ಮ್ಯಾಲೆ ಕೂತ್ಕಳಿ ಸಾಮಿ" ಎಂದು ಅವರನ್ನು ಕೈ ಹಿಡಿದು ಕೂರಿಸಿದರು. ಚಕ್ರದಡಿಗೆ ಗೋಣಿ ಹಾಕಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಟ್ಟರು. ಗಾಡಿ ಒಮ್ಮೆ ಉಸಿರೆಳೆದ ಹಾಗೆ ಮಾಡಿ ಮುಂದೆ ಬಂತು. "ಮೆಲ್ಲಗೆ ಕಣ್ರೀ", "ಎತ್ತಿ ಹಾಕ್ಬೇಡಿ", "ಇದೇನು ರಸ್ತೇನೋ ಕೆರೇನೋ" ಅಂತ ಟಾರಿನವರೆಗೂ ಹಿಂದಿನಿಂದ ಒಂದೇ ಗಲಾಟೆ. ಕೆಂಪಣ್ಣನವರು ನನ್ನ ಕಡೆ ತಿರುಗಿ, "ಶಿಫ್ಟ್ ಬಸ್ಸೇ ಬಂದ್ಬುಡ್ತು ನೋಡಮ್ಮ" ಅಂದರು. ಅವರನ್ನೆಲ್ಲ ಟಾರಿನಲ್ಲಿ ಇಳಿಸಿ, ಸೀಟಿನ ಹಿಂದಿದ್ದ ಕಾಲ್ಪಂಪಿನಿಂದ ನಾಲ್ಕೂ ಚಕ್ರಕ್ಕೆ ಗಾಳಿ ತುಂಬಿದರು. ಆ ಎಂಟು ಜನರಲ್ಲಿ ಮೂವರು ಆಮೇಲೆ ತಮ್ಮ ಮನೆಯ ಅಡುಗೆಗೂ ನನ್ನನ್ನೇ ಕರೆದರು.

ಅಡುಗೆ ಹೆಚ್ಚಾದ ಮೇಲೆ ಕೆಂಪಣ್ಣನವರೇ ನನಗೆ ಗಾಡಿ ಕಲಿಸಿದರು. "ಇಂದೆ ಸಾರಿನ ಕೊಳಗ ಅದೆ ಅಂತ ತಿಳ್ಕೊಂಡು ಓಡ್ಸು" ಎನ್ನುವುದೊಂದೇ ಅವರ ಪಾಠ. ಅವರ ಮಂಡಿ ಕ್ಲಚ್ ತುಳಿಯಲು ಒಪ್ಪದೆ ಹೋದಾಗ ಕೀಲಿ ತಂದು ನನ್ನ ಜಗುಲಿಯ ಮೇಲಿಟ್ಟರು. "ನಿಂತಲ್ಲೇ ನಿಂತ್ರೆ ಟೈರು ಚಪ್ಪಟೆ ಆಯ್ತದೆ. ನೀನೇ ಓಡ್ಸಮ್ಮ. ನಾನು ಪಕ್ಕದಲ್ಲಿ ಕೂತಿರ್ತೀನಿ." ಹಾಗೇ ಎರಡು ವರ್ಷ ಕೂತರು. ನಾನು ಹಂಪು ದಾಟಿಸುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಹೋದ ವರ್ಷ ಶ್ರಾವಣದಲ್ಲಿ ಅದೇ ಲೋಕೇಶರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಲೇಔಟಿಗೆ ಟಾರು ಬಂದಿತ್ತು, ಆದರೆ ಪೈಪು ಹಾಕಲು ಅವರ ರಸ್ತೆಯನ್ನು ಅಗೆದು ಮಣ್ಣು ಮುಚ್ಚಿದ್ದರು. ಊಟ ಇಳಿಸಿ, ಖಾಲಿ ಪಾತ್ರೆಗಳೊಂದಿಗೆ ಹೊರಟಾಗ ಮಳೆ ಬಂದು ನಿಂತಿತ್ತು. ನಾನು ಆ ಮಣ್ಣಿನ ಹತ್ತಿರ ಗಾಡಿ ನಿಲ್ಲಿಸಿ, ಚಪ್ಪಲಿ ಬಿಚ್ಚಿ ಸೀಟಿನ ಕೆಳಗಿಟ್ಟು, ಸೀರೆ ಎತ್ತಿ ಸಿಕ್ಕಿಸಿ ಇಳಿದೆ. ಹಿಮ್ಮಡಿ ಒತ್ತಿ ಆ ತುದಿಯವರೆಗೆ ನೋಡಿ ಬಂದೆ. ಬಂದರೆ ಪಕ್ಕದ ಸೀಟು ಖಾಲಿ.

ಕೆಂಪಣ್ಣನವರು ಹಿಂದೆ ಹತ್ತಿ, ಕೊಳಗವೊಂದನ್ನು ಬೋರಲು ಹಾಕಿ, ಸರಿಯಾಗಿ ಚಕ್ರದ ನೆತ್ತಿಯ ಮೇಲೆ ಕೂತಿದ್ದರು. ಆ ಮಂಡಿಯಲ್ಲಿ ಹೇಗೆ ಹತ್ತಿದರೋ.

"ಇದೇನು ಕೆಂಪಣ್ಣ, ಮಂಡಿ ನೋವಿನಲ್ಲಿ."

"ಮಂಡಿಗೂ ತೂಕ ಅದೆ ಕಣಮ್ಮ. ನೆಲ ನೀನು ನೋಡಿದೀಯ, ಭಾರ ನಾನು ನೋಡ್ಕತೀನಿ. ನಡಿ."

ನಡೆಸಿದೆ. ಕನ್ನಡಿಯಲ್ಲಿ ಅವರ ಬಿಳಿ ತಲೆ ಅತ್ತಿತ್ತ ಆಡುತ್ತಿತ್ತು. "ಮೆಲ್ಲಗೆ ಕಣಮ್ಮ. ಎಡಕ್ಕೆ. ಅಯ್ಯೋ, ಈಪಾಟಿ ಎಡಕ್ಕಲ್ಲ. ಯಾರಮ್ಮ ನಿಂಗೆ ಗಾಡಿ ಕಲ್ಸಿದ್ದು" ಎಂದು ಹಿಂದಿನಿಂದ ಬೈಯುತ್ತಲೇ ಬಂದರು. ಟಾರು ಮುಟ್ಟಿದ ಮೇಲೂ ಮುಂದೆ ಬಂದು ಕೂರಲು ಒಪ್ಪಲಿಲ್ಲ. ಗಾಳಿ ಚೆನ್ನಾಗಿದೆ, ಸ್ವಲ್ಪ ದೂರ ಹೀಗೇ ಬರುತ್ತೇನೆ ಎಂದರು. ರಿಂಗ್ ರೋಡು ಕಾಣುವ ತನಕ ಹಾಗೇ ಬಂದರು.

ಅವರನ್ನು ಕೂರಿಸಿಕೊಂಡು ಹೋದದ್ದು ಅದೇ ಕೊನೆ. ಆ ದೀಪಾವಳಿ ಮುಗಿದ ಮರುವಾರ, ಬೆಳಗಿನ ಕಾಫಿ ಕುಡಿದು, ಇನ್ನರ್ಧ ಲೋಟ ಕೇಳಿದ್ದರಂತೆ. ಜಯಮ್ಮ ತರುವಷ್ಟರಲ್ಲಿ ಕೂತಲ್ಲೇ ಹೋಗಿದ್ದರು. ಗಾಡಿ ನಿಮ್ಮಲ್ಲೇ ಇರಲಿ ಎಂದು ಜಯಮ್ಮನೇ ಹೇಳಿದರು. ಒರೆಸಲು ಸೀರೆಯ ಒಂದು ತುಂಡನ್ನೂ ಕೊಟ್ಟರು.

ಈಗ ಅವರು ಕೂತಿದ್ದ ಜಾಗದಲ್ಲಿ ಎರಡು ಮೂಟೆ ಮರಳು ಕಟ್ಟಿಟ್ಟಿದ್ದೇನೆ. ಊಟ ಇಳಿಸಿದ ಮೇಲೂ ಗಾಡಿಯ ಹಿಂಭಾಗ ಕುಣಿಯುವುದಿಲ್ಲ. ಪೇಟೆಯೊಳಗೆ ಯಾಕೆ ಹೊತ್ತು ತಿರುಗುತ್ತೀಯ, ಇಳಿಸಬಾರದೆ ಎಂದು ನಮ್ಮೆಜಮಾನರು ಕೇಳುತ್ತಾರೆ. ಇರಲಿ ಎನ್ನುತ್ತೇನೆ. ಕೆಂಪಣ್ಣನವರು ಬಯಸಿದ್ದಂಥ ಸಾಮಾನೇ ಅದು, ಮಾತಾಡುವುದಿಲ್ಲ. ಹಂಪು ದಾಟಿಸುವಾಗಲೆಲ್ಲ ನಾನು ಒಮ್ಮೆ ಕನ್ನಡಿ ನೋಡುತ್ತೇನೆ. ಹಿಂದಿನಿಂದ ಯಾರೂ ಬೈಯುವುದಿಲ್ಲ.